ಕಡಲನ್ನು ತೂಗಿದ ಜೋಡಿ ಉಪಗ್ರಹಗಳು

ಸಮುದ್ರಮಟ್ಟ ಏರುವುದಕ್ಕೆ ಮುಖ್ಯವಾಗಿ ಎರಡು ಕಾರಣಗಳುಂಟು. ಕಡಲಿನ ನೀರು ಬೆಚ್ಚಗಾದರೆ ಹಿಗ್ಗುತ್ತದೆ. ಆಗ ತೂಕ ಮೊದಲಿನಷ್ಟೇ ಇದ್ದು ಗಾತ್ರ ಮಾತ್ರ ಹೆಚ್ಚುತ್ತದೆ. ನೆಲದ ಮೇಲಿದ್ದ ಹಿಮ ಕರಗಿ ಹರಿದರೆ, ಬಾವಿಗಳಿಂದ ಎತ್ತಿದ ಅಂತರ್ಜಲ ಕೊನೆಗೆ ಕಡಲು ಸೇರಿದರೆ, ಗಾತ್ರದ ಜೊತೆಗೆ ತೂಕವೂ ಹೆಚ್ಚುತ್ತದೆ. ಬಂದರಿನಲ್ಲಿ ನೆಟ್ಟ ಮಾಪಕಕ್ಕೆ ಈ ಎರಡರ ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ. ಮುಂಬಯಿಯ ಬಂದರಿನಲ್ಲಿ 1878ರಿಂದ, ಯುರೋಪಿನ ಕೆಲವು ಬಂದರುಗಳಲ್ಲಿ ಅದಕ್ಕೂ ನೂರು ವರ್ಷ ಮೊದಲಿನಿಂದ ನೀರಿನ ಮಟ್ಟದ ದಾಖಲೆಗಳಿವೆ. ಮಟ್ಟ ಏರಿದ್ದು ಅವುಗಳಲ್ಲಿ ಕಾಣುತ್ತದೆ, ಏಕೆ ಏರಿತೆಂಬುದು ಕಾಣುವುದಿಲ್ಲ. 1992ರ ಆಗಸ್ಟ್‌ನಲ್ಲಿ ಹಾರಿದ ಟೋಪೆಕ್ಸ್‌/ಪೊಸೈಡನ್ ಉಪಗ್ರಹ ರೇಡಾರ್ ಮೂಲಕ ಇಡೀ ಜಗತ್ತಿನ ಸಮುದ್ರದ ಮೇಲ್ಮೈಯನ್ನು ಅಳೆಯತೊಡಗಿತು. ಅಳತೆಯ ವ್ಯಾಪ್ತಿ ಹಿಗ್ಗಿತಾದರೂ ಅದು ಕೂಡ ಎತ್ತರದ ಅಳತೆಯೇ.

ಕಾರಣಗಳನ್ನು ಬೇರ್ಪಡಿಸಲಾಗದ ತೊಡಕು ಎಷ್ಟು ಗಂಭೀರವಾಗಿತ್ತೆಂಬುದನ್ನು 2002ರಲ್ಲಿ ಅಮೆರಿಕದ ಹಿರಿಯ ಸಾಗರವಿಜ್ಞಾನಿ ವಾಲ್ಟರ್ ಮಂಕ್ ಒಂದು ಪ್ರಬಂಧದಲ್ಲಿ ಎತ್ತಿ ತೋರಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಸಮುದ್ರ ವರ್ಷಕ್ಕೆ ಸುಮಾರು 1.5ರಿಂದ 2 ಮಿಲಿಮೀಟರ್ ಏರಿದೆ ಎಂದು ಬಂದರುಗಳ ದಾಖಲೆಗಳು ಹೇಳುತ್ತಿದ್ದವು. ಕಡಲು ಬೆಚ್ಚಗಾದದ್ದರ ಲೆಕ್ಕದಿಂದ ಅದರ ಒಂದು ಭಾಗ ಮಾತ್ರ ಸಿಗುತ್ತಿತ್ತು. ಉಳಿದದ್ದೆಲ್ಲ ಹಿಮದಿಂದ ಬಂದ ನೀರು ಎನ್ನೋಣವೆಂದರೆ, ಅಷ್ಟು ನೀರು ಧ್ರುವಗಳಿಂದ ಸಮಭಾಜಕದತ್ತ ಸರಿದಾಗ ಭೂಮಿಯ ಅಕ್ಷಭ್ರಮಣೆಯಲ್ಲೂ ಗುರುತ್ವದಲ್ಲೂ ಆಗಬೇಕಾದ ಬದಲಾವಣೆ ದಾಖಲೆಗಳಲ್ಲಿ ಇರಲಿಲ್ಲ. ಮಂಕ್ ಇದನ್ನು ಒಗಟು ಎಂದೇ ಕರೆದರು. ಅದೇ ವರ್ಷ ಕಡಲಿನ ತೂಕವನ್ನೇ ನೇರವಾಗಿ ಅಳೆಯುವ ಪ್ರಯತ್ನ ಗ್ರೇಸ್ ಎಂಬ ಜೋಡಿ ಉಪಗ್ರಹಗಳಿಂದ ಆಕಾಶದಲ್ಲಿ ಮೊದಲಾಯಿತು.

ತೂಕವಿರುವ ಯಾವ ವಸ್ತುವೂ ತನ್ನ ಸುತ್ತಲಿನದನ್ನು ಸೆಳೆಯುತ್ತದೆ, ಆದ್ದರಿಂದ ಸೆಳೆತವನ್ನು ಅಳೆದರೆ ವಸ್ತು ಎಲ್ಲಿದೆ, ಎಷ್ಟಿದೆ ಎಂದು ತಿಳಿಯಬಹುದು ಎಂಬ ತತ್ವ ಹಳೆಯದು. ಅದರ ಇತಿಹಾಸದ ಒಂದು ಮುಖ್ಯ ಘಟ್ಟ ಭಾರತದಲ್ಲೇ ನಡೆಯಿತು. ಉಪಖಂಡದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯಲ್ಲಿ ಉತ್ತರದ ಕಲಿಯಾನಾ ಮತ್ತು ಮಧ್ಯಭಾರತದ ಕಲಿಯಾನ್‌ಪುರಗಳ ನಡುವಿನ ಅಂತರವನ್ನು ನೆಲದ ಮೇಲೆ ಅಳೆದಾಗ ಒಂದು ಉತ್ತರ ಬಂತು, ನಕ್ಷತ್ರಗಳನ್ನು ನೋಡಿ ಲೆಕ್ಕ ಹಾಕಿದಾಗ ಇನ್ನೊಂದು, ವ್ಯತ್ಯಾಸ 5.236 ಸೆಕೆಂಡು ಕೋನ. ನಕ್ಷತ್ರ ನೋಡುವಾಗ ನೆಟ್ಟಗಿನ ದಿಕ್ಕು ಹಿಡಿಯಲು ಬಳಸುವ ತೂಗುಗುಂಡನ್ನು ಹಿಮಾಲಯ ತನ್ನತ್ತ ಎಳೆದದ್ದೇ ಕಾರಣವಿರಬೇಕೆಂದು ಕಲ್ಕತ್ತೆಯ ಪಾದ್ರಿ ಹಾಗೂ ಗಣಿತಜ್ಞ ಜಾನ್ ಪ್ರ್ಯಾಟ್ ಲೆಕ್ಕ ಹಾಕಿದರು. 15.885 ಸೆಕೆಂಡು ಇರಬೇಕಿತ್ತು ಎಂಬುದು ಅವರಿಗೆ ದೊರೆತ ಉತ್ತರ. ಬೆಟ್ಟದ ಸೆಳೆತ ಅಷ್ಟು ಕಡಿಮೆ ಏಕೆಂಬ ಪ್ರಶ್ನೆಗೆ 1855ರಲ್ಲಿ ಜಾರ್ಜ್ ಏರಿ ಉತ್ತರ ಕೊಟ್ಟರು: ಪರ್ವತದ ಕೆಳಗೆ ಹಗುರವಾದ ಶಿಲೆಯ ಬೇರು ಆಳಕ್ಕೆ ಇಳಿದಿದೆ. ಕಣ್ಣಿಗೆ ಕಾಣದ ದ್ರವ್ಯರಾಶಿಯನ್ನು ಸೆಳೆತದಿಂದ ಊಹಿಸುವ ವಿದ್ಯೆ ಹೀಗೆ ಬೆಳೆಯಿತು.

ಉಪಗ್ರಹಗಳು ಬಂದ ಮೇಲೆ ತೂಗುಗುಂಡಿನ ಕೆಲಸವನ್ನು ಅವುಗಳ ಕಕ್ಷೆಗಳೇ ಮಾಡಿದವು. 1958ರ ಮಾರ್ಚ್ 17ರಂದು ಹಾರಿದ ವ್ಯಾನ್‌ಗಾರ್ಡ್‌–1ರ ಕಕ್ಷೆ ಬದಲಾಗುವ ಬಗೆಯನ್ನು ನೋಡಿಯೇ ಭೂಮಿ ದಕ್ಷಿಣದ ಕಡೆ ತುಸು ಉಬ್ಬಿದೆ ಎಂದು ತಿಳಿದದ್ದು. 1976ರಲ್ಲಿ ಸುಮಾರು 5,900 ಕಿಲೋಮೀಟರ್ ಎತ್ತರಕ್ಕೆ ಏರಿದ ಲೇಜಿಯೋಸ್ ಇನ್ನೂ ಸರಳ ವಸ್ತು. 60 ಸೆಂಟಿಮೀಟರ್ ವ್ಯಾಸದ ಲೋಹದ ಗೋಳ, ಮೈತುಂಬ 426 ಪ್ರತಿಫಲಕಗಳು, ಒಳಗೆ ಒಂದು ಉಪಕರಣವೂ ಇಲ್ಲ. ನೆಲದಿಂದ ಅದರ ಮೇಲೆ ಲೇಸರ್ ಬಿಟ್ಟು ಕಕ್ಷೆಯನ್ನು ವರ್ಷಗಟ್ಟಲೆ ಹಿಂಬಾಲಿಸಿದ ತಂಡ 1983ರಲ್ಲಿ ಒಂದು ದೊಡ್ಡ ಮಾತು ಹೇಳಿತು: ಭೂಮಿಯ ಚಪ್ಪಟೆತನ ನಿಧಾನವಾಗಿ ಕಡಿಮೆಯಾಗುತ್ತಿದೆ, ಏಕೆಂದರೆ ಹಿಂದಿನ ಹಿಮಯುಗದ ಹಿಮದ ಭಾರ ಇಳಿದ ಮೇಲೆ ಉತ್ತರದ ನೆಲ ಇನ್ನೂ ಮೇಲೇಳುತ್ತಿದೆ. ಭೂಮಿಯ ಗುರುತ್ವ ಸ್ಥಿರವಲ್ಲ, ಅದು ಬದಲಾಗುವುದನ್ನು ಬಾಹ್ಯಾಕಾಶದಿಂದ ಅಳೆಯಬಹುದು ಎಂಬುದಕ್ಕೆ ಇದು ಪುರಾವೆಯಾಯಿತು. ಆ ತಂಡದಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಬೈರನ್ ಟ್ಯಾಪ್ಲಿ ಇದ್ದರು. ಮುಂದೆ ಗ್ರೇಸ್ ಯೋಜನೆಯ ಮುಖ್ಯ ವಿಜ್ಞಾನಿಯಾದವರು ಅವರೇ.

ಆದರೆ ಅಷ್ಟು ಎತ್ತರದಲ್ಲಿ ಸುತ್ತುವ ಗೋಳಕ್ಕೆ ಭೂಮಿಯ ಒಟ್ಟು ಆಕಾರ ಮಾತ್ರ ತಿಳಿಯುತ್ತದೆ, ಸಣ್ಣ ವಿವರಗಳು ಅಷ್ಟು ದೂರಕ್ಕೆ ಮುಟ್ಟುವುದಿಲ್ಲ. ಕೆಳಗಿಳಿದು ಸುತ್ತಬೇಕು, ಅದೂ ಒಂಟಿಯಾಗಿ ಅಲ್ಲ. ಒಂದೇ ಕಕ್ಷೆಯಲ್ಲಿ ಒಂದರ ಹಿಂದೊಂದು ಸಾಗುವ ಎರಡು ಉಪಗ್ರಹಗಳನ್ನು ಬಿಟ್ಟು, ಅವುಗಳ ನಡುವಿನ ದೂರ ಹೇಗೆ ಬದಲಾಗುತ್ತದೆಂದು ನೋಡಿದರೆ ಗುರುತ್ವ ಸಿಗುತ್ತದೆ ಎಂಬ ಆಲೋಚನೆಯನ್ನು 1969ರಲ್ಲಿ ಮೈಲೋ ವುಲ್ಫ್ ಪ್ರಕಟಿಸಿದ್ದರು. ಅದನ್ನು ನಿಜ ಮಾಡಲು ನಾಸಾ ಎಂಬತ್ತರ ದಶಕದಲ್ಲಿ ರೂಪಿಸಿದ ಯೋಜನೆ ಕಾಗದದ ಮೇಲೆಯೇ ಉಳಿಯಿತು. ಹಣ ದೊರೆತದ್ದು 1997ರಲ್ಲಿ, ನಾಸಾ ತನ್ನ ಕಡಿಮೆ ವೆಚ್ಚದ ಭೂವಿಜ್ಞಾನ ಯೋಜನೆಗಳ ಸಾಲಿಗೆ ಗ್ರೇಸ್‌ ಅನ್ನು ಆರಿಸಿದಾಗ. ಜರ್ಮನಿಯ ಬಾಹ್ಯಾಕಾಶ ಸಂಸ್ಥೆ ಪಾಲುದಾರನಾಯಿತು; ಪಾಟ್ಸ್‌ಡಾಮ್‌ನ ಭೂವಿಜ್ಞಾನ ಕೇಂದ್ರದ ಕ್ರಿಸ್ಟೋಫ್ ರೈಗ್‌ಬರ್ ಟ್ಯಾಪ್ಲಿಯವರ ಜೊತೆ ಹೊಣೆ ಹೊತ್ತರು.

ಉಪಗ್ರಹಗಳು ಹಾರುವ ಮೊದಲೇ, 1998ರಲ್ಲಿ, ಕೊಲೊರಾಡೊ ವಿಶ್ವವಿದ್ಯಾಲಯದ ಜಾನ್ ವಾರ್ ಇಬ್ಬರು ಸಹೋದ್ಯೋಗಿಗಳೊಡನೆ ಬರೆದ ಪ್ರಬಂಧ ಈ ಕ್ಷೇತ್ರದ ಬುನಾದಿ. ಗುರುತ್ವದಲ್ಲಿ ತಿಂಗಳಿಂದ ತಿಂಗಳಿಗೆ ಕಾಣುವ ಬದಲಾವಣೆಗೆ ಬಹುಮಟ್ಟಿಗೆ ಕಾರಣ ನೀರು, ಅದು ಇರುವುದು ಭೂಮಿಯ ಮೇಲ್ಪದರದಲ್ಲಿ ಎಂದು ಇಟ್ಟುಕೊಂಡರೆ, ಆ ಬದಲಾವಣೆಯನ್ನು ಇಷ್ಟು ಸೆಂಟಿಮೀಟರ್ ದಪ್ಪದ ನೀರಿನ ಪದರ ಎಂದು ಪರಿವರ್ತಿಸಬಹುದೆಂದು ಅವರು ಸೂತ್ರಸಮೇತ ತೋರಿಸಿದರು. ಕಡಲಿನ ಒಟ್ಟು ದ್ರವ್ಯರಾಶಿಯ ಏರಿಳಿತವೂ ಸಿಕ್ಕೀತು ಎಂಬ ನಿರೀಕ್ಷೆ ಅಲ್ಲಿದೆ. ಇಂದಿಗೂ ಗ್ರೇಸ್ ಬಗ್ಗೆ ಬರೆಯುವ ಯಾರೂ ಆ ಪ್ರಬಂಧವನ್ನು ದಾಟಿಕೊಂಡು ಹೋಗಲಾರರು.

2002ರ ಮಾರ್ಚ್ 17ರಂದು ರಷ್ಯಾದ ಪ್ಲೆಸೆಟ್ಸ್ಕ್ ಉಡಾವಣಾ ಕೇಂದ್ರದಿಂದ, ಶೀತಲ ಸಮರದ ಕಾಲದ ಖಂಡಾಂತರ ಕ್ಷಿಪಣಿಯನ್ನು ಮಾರ್ಪಡಿಸಿ ಮಾಡಿದ ರೊಕೊಟ್ ರಾಕೆಟ್ ಎರಡು ಉಪಗ್ರಹಗಳನ್ನು ಮೇಲಕ್ಕೊಯ್ದಿತು. ಕಾರ್ಟೂನಿನ ಬೆಕ್ಕು ಮತ್ತು ಇಲಿಯ ಹೆಸರಿನಲ್ಲಿ ಅವುಗಳನ್ನು ಟಾಮ್ ಮತ್ತು ಜೆರ್ರಿ ಎಂದು ಕರೆಯುವುದು ರೂಢಿಯಾಯಿತು. ಎತ್ತರ ಸುಮಾರು 500 ಕಿಲೋಮೀಟರ್, ನಡುವಿನ ದೂರ ಸುಮಾರು 220 ಕಿಲೋಮೀಟರ್, ಕಕ್ಷೆ ಹೆಚ್ಚುಕಡಿಮೆ ಧ್ರುವದಿಂದ ಧ್ರುವಕ್ಕೆ. ಮುಂದಿನ ಉಪಗ್ರಹ ಭಾರವಾದ ಪ್ರದೇಶವನ್ನು ಸಮೀಪಿಸುವಾಗ ಅದಕ್ಕೆ ಸೆಳೆತ ಮೊದಲು ತಾಗುತ್ತದೆ. ಅದು ಒಂದಿಷ್ಟು ಮುಂದೆ ಜಗ್ಗಿ ದೂರ ಹಿಗ್ಗುತ್ತದೆ. ಹಿಂದಿನದು ಆ ಜಾಗಕ್ಕೆ ಬಂದಾಗ ದೂರ ಮತ್ತೆ ಕುಗ್ಗುತ್ತದೆ. ಎರಡೂ ಒಂದಕ್ಕೊಂದು ಸದಾ ಕಳಿಸುತ್ತಿದ್ದ ಮೈಕ್ರೋವೇವ್ ಸಂಕೇತಗಳು ಈ ಹಿಗ್ಗುಕುಗ್ಗನ್ನು ಒಂದು ಮೈಕ್ರಾನಿನಷ್ಟು ಸೂಕ್ಷ್ಮವಾಗಿ, ಅಂದರೆ ತಲೆಗೂದಲಿನ ದಪ್ಪದ ಐವತ್ತನೇ ಒಂದು ಭಾಗದಷ್ಟನ್ನೂ ಬಿಡದೆ ಅಳೆದವು. ಆ ಎತ್ತರದಲ್ಲೂ ತೆಳುವಾಗಿ ಇರುವ ಗಾಳಿ ಮತ್ತು ಸೂರ್ಯನ ಬೆಳಕು ಉಪಗ್ರಹಗಳನ್ನು ತಳ್ಳುತ್ತವೆ. ಆ ತಳ್ಳುವಿಕೆಯನ್ನು ಗುರುತ್ವದಿಂದ ಬೇರ್ಪಡಿಸಲು ಎರಡರ ಒಡಲಿನ ನಟ್ಟನಡುವೆ ಫ್ರಾನ್ಸ್ ತಯಾರಿಸಿದ ವೇಗೋತ್ಕರ್ಷಮಾಪಕಗಳಿದ್ದವು. ಉಪಗ್ರಹ ಎಲ್ಲಿದೆ ಎಂಬುದನ್ನು ಜಿಪಿಎಸ್ ಹೇಳುತ್ತಿತ್ತು. ಹೀಗೆ ಒಂದು ತಿಂಗಳ ಅಳತೆಗಳು ಸೇರಿದರೆ ಇಡೀ ಭೂಮಿಯ ಒಂದು ಗುರುತ್ವ ನಕ್ಷೆ. ಮುಂದಿನ ತಿಂಗಳಿಗೆ ಇನ್ನೊಂದು.

ಭೂಮಿಯ ಗುರುತ್ವದ ಸ್ಥಿರ ಆಕಾರ ಬಹಳ ಒರಟು. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಗುರುತ್ವ ದುರ್ಬಲವಾಗಿರುವ ವಿಶಾಲ ಪ್ರದೇಶವೊಂದಿದೆ. ಅಲ್ಲಿ ಸಮುದ್ರದ ಮೇಲ್ಮೈ ಸರಾಸರಿಗಿಂತ ಸುಮಾರು 106 ಮೀಟರ್ ಕೆಳಗಿದೆ. ಈ ತಗ್ಗಿಗೆ ಕಾರಣ ಭೂಮಿಯ ಆಳದ ಬಿಸಿ ಶಿಲೆಯ ಚಲನೆ ಎಂಬ ವಿವರಣೆಯನ್ನು 2023ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಆತ್ರೇಯಿ ಘೋಷ್ ಮಂಡಿಸಿದರು. ಇಂಥ ಆಕಾರಗಳು ಕೋಟ್ಯಂತರ ವರ್ಷಗಳಲ್ಲಿ ಮೂಡುವಂಥವು. ಕಡಲಿನ ತೂಕ ಹುಡುಕುವವರಿಗೆ ಬೇಕಾದದ್ದು ಆ ನೂರು ಮೀಟರ್ ಅಲ್ಲ, ಅದರ ಮೇಲೆ ತಿಂಗಳಿಂದ ತಿಂಗಳಿಗೆ ಕಾಣುವ ಕೆಲವೇ ಮಿಲಿಮೀಟರಿನ ಏರುಪೇರು. ಸ್ಥಿರವಾದದ್ದು ಎಲ್ಲ ತಿಂಗಳುಗಳ ನಕ್ಷೆಯಲ್ಲೂ ಒಂದೇ ಆಗಿರುವುದರಿಂದ ಅದನ್ನು ಕಳೆಯುವುದು ಸುಲಭ. ಬದಲಾಗುವವುಗಳಲ್ಲಿ ಕಡಲಿನದಲ್ಲದ್ದನ್ನು ಕಳೆಯುವುದೇ ಕಷ್ಟ, ಮತ್ತು ಮುಂದಿನ ಇಪ್ಪತ್ತು ವರ್ಷಗಳ ಕಥೆ ಹೆಚ್ಚಾಗಿ ಆ ಕಳೆಯುವಿಕೆಯ ಕಥೆಯೇ. ಅಂಗಡಿಯಲ್ಲಿ ಎಣ್ಣೆ ತೂಗುವಾಗ ಪಾತ್ರೆಯ ತೂಕ ಕಳೆಯುತ್ತಾರೆ. ಇಲ್ಲಿ ಪಾತ್ರೆ ಭೂಮಿ. ಅದರ ತೂಕವೂ ಜಾಗ ಬದಲಿಸುತ್ತಿರುತ್ತದೆ.

ಕಳೆಯಬೇಕಾದವುಗಳಲ್ಲಿ ಮೊದಲನೆಯದು ಗಾಳಿ. ವಾಯುಮಂಡಲಕ್ಕೂ ತೂಕವಿದೆ, ಅದು ದಿನವೂ ಅತ್ತಿತ್ತ ಸರಿಯುತ್ತದೆ. ಉಬ್ಬರವಿಳಿತ ಮತ್ತು ಬಿರುಗಾಳಿಗೆ ಕಡಲಿನ ನೀರೂ ಗಂಟೆಗಳ ಲೆಕ್ಕದಲ್ಲಿ ಸರಿಯುತ್ತದೆ. ತಿಂಗಳಿಗೊಂದು ನಕ್ಷೆ ಮಾಡುವವರು ಈ ವೇಗದ ಚಲನೆಗಳನ್ನು ಹವಾಮಾನ ಮತ್ತು ಸಾಗರದ ಕಂಪ್ಯೂಟರ್ ಮಾದರಿಗಳಿಂದ ಲೆಕ್ಕ ಹಾಕಿ ಮುಂಚಿತವಾಗಿ ತೆಗೆಯುತ್ತಾರೆ. ಕಡಲನ್ನು ಅಧ್ಯಯನ ಮಾಡುವವರು ಆಮೇಲೆ ಅದರಲ್ಲಿ ಕಡಲಿನ ಪಾಲನ್ನು ಮರಳಿ ಕೂಡಿಸಿಕೊಳ್ಳಬೇಕು. ಇನ್ನೊಂದು ತೊಂದರೆ ನಕ್ಷೆಯ ಮೇಲೆಲ್ಲ ಉತ್ತರ–ದಕ್ಷಿಣವಾಗಿ ಬೀಳುತ್ತಿದ್ದ ಪಟ್ಟೆಗಳು. ಉಪಗ್ರಹಗಳು ಅದೇ ದಿಕ್ಕಿನಲ್ಲಿ ಸಾಗುವುದರಿಂದ ಪಕ್ಕದ ದಿಕ್ಕಿನ ಮಾಹಿತಿ ದುರ್ಬಲವಾಗಿರುತ್ತದೆ, ತಪ್ಪುಗಳು ಪಟ್ಟೆಗಳಾಗಿ ಕೂಡಿಕೊಳ್ಳುತ್ತವೆ. 2006ರಲ್ಲಿ ಶಾನ್ ಸ್ವೆನ್ಸನ್ ಮತ್ತು ವಾರ್ ಅವುಗಳನ್ನು ಅಳಿಸುವ ವಿಧಾನ ಕೊಟ್ಟರು. ಭೂಮಿಯ ಚಪ್ಪಟೆತನದ ಅಂಕಿ ಗ್ರೇಸ್‌ನಲ್ಲಿ ಅಷ್ಟು ಚೆನ್ನಾಗಿ ಬಾರದ ಕಾರಣ ಅದನ್ನು ಲೇಜಿಯೋಸ್‌ನಂಥ ಗೋಳಗಳಿಂದ ತಂದು ಕೂಡಿಸುವುದು ವಾಡಿಕೆಯಾಯಿತು. ಎಪ್ಪತ್ತರ ದಶಕದ ಲೋಹದ ಗೋಳ ಹೀಗೆ ಇಂದಿಗೂ ಕೆಲಸಕ್ಕೆ ಬರುತ್ತಿದೆ. ಇಡೀ ಭೂಮಿಯ ದ್ರವ್ಯಕೇಂದ್ರದ ಅಲುಗಾಟವಂತೂ ಜೋಡಿ ಉಪಗ್ರಹಗಳಿಗೆ ಕಾಣುವುದೇ ಇಲ್ಲ, ಏಕೆಂದರೆ ಅವು ಸುತ್ತುವುದೇ ಆ ಕೇಂದ್ರದ ಸುತ್ತ. ಅದನ್ನೂ ಬೇರೆ ದಾರಿಯಿಂದ ಲೆಕ್ಕ ಹಾಕಬೇಕಾಯಿತು.

ಕರಾವಳಿಯ ಸಮಸ್ಯೆ ಬೇರೆಯೇ ಬಗೆಯದು. ಗ್ರೇಸ್‌ಗೆ ಸುಮಾರು 300 ಕಿಲೋಮೀಟರಿಗಿಂತ ಸಣ್ಣ ವಿವರ ಕಾಣುವುದಿಲ್ಲ. ಗ್ರೀನ್‌ಲೆಂಡಿನಲ್ಲಿ ಕರಗಿದ ಹಿಮದ ಅಥವಾ ಅಮೆಜಾನಿನಲ್ಲಿ ತುಂಬಿದ ನೆರೆಯ ಬಲವಾದ ಸಂಕೇತ ಮಸುಕಾಗಿ ಪಕ್ಕದ ಕಡಲಿಗೂ ಹರಡುತ್ತದೆ. ಅಲ್ಲಿ ಕಡಲು ಹಗುರವಾದಂತೆಯೋ ಭಾರವಾದಂತೆಯೋ ಕಾಣುತ್ತದೆ. ಮೊದಲ ವರ್ಷಗಳಲ್ಲಿ ಸಂಶೋಧಕರು ದಡದಿಂದ 300 ಕಿಲೋಮೀಟರ್ ಒಳಗಿನ ನೀರನ್ನೆಲ್ಲ ಲೆಕ್ಕದಿಂದ ಬಿಟ್ಟರು. ಆಮೇಲೆ ಭೂಮಿಯನ್ನು ತುಂಡುತುಂಡಾಗಿ ವಿಂಗಡಿಸಿ, ನೆಲ ಮತ್ತು ಕಡಲಿನ ಗಡಿಯನ್ನು ಮೊದಲೇ ಹೇಳಿಕೊಟ್ಟು, ಪ್ರತಿ ತುಂಡಿನ ತೂಕವನ್ನು ಬೇರೆಬೇರೆಯಾಗಿ ಕಂಡುಹಿಡಿಯುವ ವಿಧಾನಗಳು ಬಂದವು.

ಇಷ್ಟೆಲ್ಲ ಕಳೆದ ಮೇಲೆ ಏನಾದರೂ ಉಳಿಯುತ್ತದೆಯೇ ಎಂಬ ಸಂದೇಹ ಸಹಜವಾಗಿತ್ತು. 2004ರಲ್ಲಿ ಡಾನ್ ಚೇಂಬರ್ಸ್, ಜಾನ್ ವಾರ್ ಮತ್ತು ಸ್ಟೀವ್ ನೆರೆಮ್ ಪ್ರಕಟಿಸಿದ ಮೊದಲ ಫಲಿತಾಂಶ ಆ ಸಂದೇಹವನ್ನು ಬಗೆಹರಿಸಿತು. ಜಗತ್ತಿನ ಕಡಲಿಗೆ ಒಂದು ವಾರ್ಷಿಕ ಲಯವಿದೆ. ಉತ್ತರಾರ್ಧಗೋಳದಲ್ಲಿ ನೆಲ ಹೆಚ್ಚು. ಅಲ್ಲಿಯ ಚಳಿಗಾಲದಲ್ಲಿ ಕಡಲಿನಿಂದ ಎದ್ದ ನೀರು ಹಿಮವಾಗಿ ನೆಲದ ಮೇಲೆ ನಿಂತುಬಿಡುತ್ತದೆ. ವಸಂತದ ಹೊತ್ತಿಗೆ ಕಡಲು ಅತ್ಯಂತ ಹಗುರ. ಬೇಸಗೆಯಲ್ಲಿ ಹಿಮ ಕರಗಿ ನದಿಗಳು ಹರಿದು ಅಕ್ಟೋಬರ್ ಸುಮಾರಿಗೆ ಅತ್ಯಂತ ಭಾರ. ಈ ಲಯದಿಂದ ಕಡಲಿನ ಮಟ್ಟ ಸರಾಸರಿಗಿಂತ ಸುಮಾರು 8 ಮಿಲಿಮೀಟರ್ ಏರಿ ಅಷ್ಟೇ ಇಳಿಯುತ್ತದೆ. ರೇಡಾರ್ ಉಪಗ್ರಹಗಳಿಗೆ ಇದು ಪೂರ್ತಿ ಕಾಣುತ್ತಿರಲಿಲ್ಲ. ದಕ್ಷಿಣಾರ್ಧಗೋಳದ ವಿಶಾಲ ಕಡಲು ತನ್ನ ಬೇಸಗೆಯ ಕೊನೆಗೆ, ಅಂದರೆ ಉತ್ತರದವರ ವಸಂತದಲ್ಲಿ, ಬೆಚ್ಚಗಾಗಿ ಹಿಗ್ಗುವುದರಿಂದ ಒಂದು ಇನ್ನೊಂದನ್ನು ಮರೆಸುತ್ತಿತ್ತು. ಮಳೆ, ಹಿಮ, ನದಿ, ಕಡಲು ಸೇರಿದ ಇಡೀ ಭೂಮಿಯ ಜಲಚಕ್ರ ಒಂದೇ ಅಂಕಿಯಾಗಿ ಅಳತೆಗೆ ಸಿಕ್ಕಿದ್ದು ಆಗಲೇ. ಗ್ರೇಸ್‌ನ ಸಾಧನೆಗಳಲ್ಲಿ ಇಷ್ಟು ಸುಂದರವಾದದ್ದು ಇನ್ನೊಂದಿಲ್ಲ, ಆದರೂ ಹಿಮ ಕರಗುವ ಸುದ್ದಿಯ ನಡುವೆ ಇದು ಹೆಚ್ಚು ಜನರನ್ನು ಮುಟ್ಟಲಿಲ್ಲ.

ಋತುಗಳ ಏರಿಳಿತ ಸಿಕ್ಕಿದಷ್ಟು ಸಲೀಸಾಗಿ ದೀರ್ಘಕಾಲದ ಏರಿಕೆ ಸಿಗಲಿಲ್ಲ. ಆ ಹೊತ್ತಿಗೆ ಮೂರು ಅಳತೆಗಳು ಒಟ್ಟಿಗೆ ಒದಗಿದ್ದವು. ಜೇಸನ್–1 ರೇಡಾರ್ ಉಪಗ್ರಹ ಮಟ್ಟದ ಒಟ್ಟು ಏರಿಕೆ ಹೇಳುತ್ತಿತ್ತು. ಕಡಲಿನಲ್ಲಿ ಎರಡು ಕಿಲೋಮೀಟರ್ ಆಳಕ್ಕೆ ಮುಳುಗಿ ಏಳುತ್ತ ಉಷ್ಣತೆ ಮತ್ತು ಉಪ್ಪಿನಂಶ ಅಳೆಯುವ ಆರ್ಗೋ ತೇಲುಯಂತ್ರಗಳು ಹಿಗ್ಗಿದ್ದೆಷ್ಟೆಂದು ಹೇಳುತ್ತಿದ್ದವು. 2007ರಲ್ಲಿ ಅವುಗಳ ಸಂಖ್ಯೆ ಗುರಿಯಾಗಿದ್ದ 3,000 ಮುಟ್ಟಿತು. ಕೂಡಿದ ನೀರೆಷ್ಟೆಂದು ಗ್ರೇಸ್ ಹೇಳುತ್ತಿತ್ತು. ಎರಡನೆಯದೂ ಮೂರನೆಯದೂ ಸೇರಿದರೆ ಮೊದಲನೆಯದು ಬರಬೇಕು. 2008ರಲ್ಲಿ ಜಾಶ್ ವಿಲ್ಲಿಸ್, ಚೇಂಬರ್ಸ್ ಮತ್ತು ನೆರೆಮ್ ನಾಲ್ಕು ವರ್ಷಗಳ ಅಂಕಿಗಳನ್ನು ಹೊಂದಿಸಿ ನೋಡಿದಾಗ ರೇಡಾರ್ ಪ್ರಕಾರ ಏರಿಕೆ ವರ್ಷಕ್ಕೆ 3.6 ಮಿಲಿಮೀಟರ್, ಉಳಿದೆರಡರ ಮೊತ್ತ ಬರೀ 0.3. ತಿಂಗಳುಗಳ ಏರಿಳಿತ ಮಾತ್ರ ಚೆನ್ನಾಗಿ ಹೊಂದಿಕೆಯಾಗುತ್ತಿತ್ತು. ಅವರು ಈ ಹೊಂದದ ಲೆಕ್ಕವನ್ನು ಹೊಂದದಂತೆಯೇ ಪ್ರಕಟಿಸಿದರು. ಅದು ವಿಜ್ಞಾನಕ್ಕೆ ಮಾಡಿದ ದೊಡ್ಡ ಉಪಕಾರ, ಏಕೆಂದರೆ ಮೂರು ಅಳತೆಗಳಲ್ಲೂ ದೋಷ ಹುಡುಕುವ ಕೆಲಸ ಅಲ್ಲಿಂದ ಚುರುಕಾಯಿತು.

ಆರ್ಗೋದ ಕಡೆ ಒಂದು ದೋಷ ಆಗಲೇ ಬೆಳಕಿಗೆ ಬಂದಿತ್ತು. 2003ರಿಂದ 2005ರ ನಡುವೆ ಮೇಲ್ಪದರದ ಕಡಲು ತಣ್ಣಗಾಗಿದೆ ಎಂದು 2006ರಲ್ಲಿ ಬಂದ ವರದಿ ದೊಡ್ಡ ಚರ್ಚೆ ಎಬ್ಬಿಸಿತ್ತು. ಮರುವರ್ಷ ಅದೇ ಲೇಖಕರು ತಿದ್ದುಪಡಿ ಕೊಟ್ಟರು: ಕೆಲವು ತೇಲುಯಂತ್ರಗಳು ಆಳದ ಒತ್ತಡವನ್ನು ತಪ್ಪಾಗಿ ದಾಖಲಿಸಿದ್ದವು, ಹಡಗಿನಿಂದ ಎಸೆಯುವ ಹಳೆಯ ಉಷ್ಣತಾ ಮಾಪಕಗಳು ಇರುವುದಕ್ಕಿಂತ ಹೆಚ್ಚು ಬಿಸಿ ತೋರಿಸಿದ್ದವು. 2009ರಲ್ಲಿ ಎರಿಕ್ ಲೂಲಿಯೆಟ್ ಮತ್ತು ಲಾರಿ ಮಿಲ್ಲರ್, ದೋಷದ ಮಿತಿಯೊಳಗೆ ಲೆಕ್ಕ ಕೂಡುತ್ತದೆಂದು ತೋರಿಸಿದರು. ಅದೇ ವರ್ಷ ಫ್ರಾನ್ಸಿನ ಆನಿ ಕಾಜೆನಾವ್ ಅವರ ತಂಡವೂ ಲೆಕ್ಕ ಕೂಡಿಸಿತು. ಆದರೆ ಕೂಡಿದ ನೀರಿನ ಪಾಲು ಗ್ರೇಸ್‌ನಿಂದ ಲೂಲಿಯೆಟ್ ಮತ್ತು ಮಿಲ್ಲರ್ ಅವರಿಗೆ ಬಂದದ್ದು ವರ್ಷಕ್ಕೆ 0.8 ಮಿಲಿಮೀಟರ್, ಕಾಜೆನಾವ್ ತಂಡಕ್ಕೆ 1.9. ಉಪಗ್ರಹಗಳು ಅವೇ, ಕಡಲು ಅದೇ.

ಈ ಅಂತರದ ಹೆಚ್ಚಿನ ಪಾಲು ಹುಟ್ಟಿದ್ದು ನೀರಿನಿಂದಲ್ಲ, ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಗರಿಷ್ಠಕ್ಕೆ ಬೆಳೆದಿದ್ದ ಹಿಮದಿಂದ. ಉತ್ತರ ಅಮೆರಿಕ ಮತ್ತು ಸ್ಕ್ಯಾಂಡಿನೇವಿಯಾದ ಮೇಲೆ ಕಿಲೋಮೀಟರುಗಟ್ಟಲೆ ದಪ್ಪವಿದ್ದ ಆ ಹಿಮ ನೆಲವನ್ನು ಕೆಳಕ್ಕೆ ಒತ್ತಿತ್ತು. ಒಳಗಿನ ಶಿಲೆ ಪಕ್ಕಕ್ಕೆ ಸರಿದಿತ್ತು. ಹಿಮ ಹೋಗಿ ಸಾವಿರಾರು ವರ್ಷಗಳಾದರೂ ಆ ಶಿಲೆ ಇನ್ನೂ ಹಿಂದಕ್ಕೆ ಹರಿಯುತ್ತಿದೆ. ಹಡ್ಸನ್ ಕೊಲ್ಲಿಯ ಸುತ್ತಲಿನ ನೆಲ ಇಂದಿಗೂ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಏಳುತ್ತದೆ. ಖಂಡಗಳ ಕೆಳಗೆ ಸೇರುವ ಶಿಲೆ ಸಾಗರಗಳ ಕೆಳಗಿನಿಂದ ಬರುವಂಥದ್ದು, ಆದ್ದರಿಂದ ಸಾಗರದ ಮೇಲಿನ ಗುರುತ್ವ ಕುಗ್ಗುತ್ತದೆ. ಉಪಗ್ರಹಕ್ಕೆ ಅದು ನೀರು ಕಡಿಮೆಯಾದಂತೆಯೇ ಕಾಣುತ್ತದೆ. ಕಡಲು ಸೇರಿದ ನಿಜವಾದ ನೀರು ತಿಳಿಯಬೇಕಾದರೆ ಇಷ್ಟನ್ನು ಮರಳಿ ಕೂಡಿಸಬೇಕು. ಎಷ್ಟು ಎಂಬುದಕ್ಕೆ ಟೊರಾಂಟೊದ ರಿಚರ್ಡ್ ಪೆಲ್ಟಿಯರ್ ಅವರ ಮಾದರಿ ವರ್ಷಕ್ಕೆ ಸುಮಾರು 2 ಮಿಲಿಮೀಟರ್ ಎಂದಿತು, ವಾರ್ ಮತ್ತು ಸಂಗಡಿಗರ ಮಾದರಿ ಸುಮಾರು 1 ಎಂದಿತು. ಹುಡುಕುತ್ತಿದ್ದ ಉತ್ತರವೇ ಒಂದೆರಡು ಮಿಲಿಮೀಟರ್ ಆಗಿರುವಾಗ ತಿದ್ದುಪಡಿಯಲ್ಲೇ ಒಂದು ಮಿಲಿಮೀಟರ್ ಭಿನ್ನಾಭಿಪ್ರಾಯ! 2010ರಲ್ಲಿ ಚೇಂಬರ್ಸ್, ವಾರ್, ಮಾರ್ಕ್ ಟಮಿಸೀಯಾ ಮತ್ತು ನೆರೆಮ್ ಎರಡು ಲೆಕ್ಕಗಳನ್ನೂ ಬಿಡಿಸಿ ನೋಡಿ, ಭೂಮಿಯ ತಿರುಗುವ ಅಕ್ಷ ಸರಿಯುವುದರ ಪರಿಣಾಮವನ್ನು ಸೇರಿಸಿದ ಬಗೆಯಲ್ಲೇ ವ್ಯತ್ಯಾಸವಿದೆ ಎಂದರು. 1ರ ಆಸುಪಾಸಿನ ಅಂಕಿಯೇ ಸರಿ ಎಂಬುದು ಅವರ ನಿಲುವು. 2012ರಲ್ಲಿ ಪೆಲ್ಟಿಯರ್ ತಂಡವೂ ತಿದ್ದಿದ ಲೆಕ್ಕ ಪ್ರಕಟಿಸಿತು. ಆಗಿನಿಂದ ಈ ತಿದ್ದುಪಡಿ ಹೆಚ್ಚುಕಡಿಮೆ ನೆಲೆ ನಿಂತಿದೆ. ಅದರಲ್ಲಿ ಉಳಿದ ಅನಿಶ್ಚಿತತೆ ಕಡಲಿನ ದ್ರವ್ಯರಾಶಿಯ ಪ್ರತಿಯೊಂದು ಅಂಕಿಯ ಬೆನ್ನಿಗೂ ಅಂಟಿಕೊಂಡಿದೆ.

ಈ ವಾದ ನಡೆಯುತ್ತಿದ್ದಾಗಲೇ ಕಡಲು ಒಂದು ಅಪೂರ್ವ ಪರೀಕ್ಷೆಯನ್ನು ಒಡ್ಡಿತು. 2010ರ ಆರಂಭದಿಂದ 2011ರ ನಡುವಿನವರೆಗೆ ಜಗತ್ತಿನ ಸರಾಸರಿ ಸಮುದ್ರಮಟ್ಟ ಏರುವ ಬದಲು ಸುಮಾರು 5 ಮಿಲಿಮೀಟರ್ ಇಳಿಯಿತು. ಕಡಲು ತಣ್ಣಗಾಗಿರಲಿಲ್ಲವೆಂದು ಆರ್ಗೋ ಹೇಳಿತು. ತೂಕ ಕಡಿಮೆಯಾಗಿದೆ ಎಂದು ಗ್ರೇಸ್ ಹೇಳಿತು. ಐದು ಮಿಲಿಮೀಟರ್ ಎಂದರೆ ಸುಮಾರು 1,800 ಗಿಗಾಟನ್ (ಶತಕೋಟಿ ಟನ್) ನೀರು, ಏಕೆಂದರೆ ಜಗತ್ತಿನ ಕಡಲಿನ ಮಟ್ಟ ಒಂದು ಮಿಲಿಮೀಟರ್ ಏರಲು ಸುಮಾರು 360 ಗಿಗಾಟನ್ ಬೇಕು. ಅಷ್ಟು ನೀರು ಹೋದದ್ದೆಲ್ಲಿಗೆ? ಗ್ರೇಸ್‌ನ ನೆಲದ ನಕ್ಷೆಯಲ್ಲೇ ಅದು ಸಿಕ್ಕಿತು: ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕದ ಉತ್ತರ ಭಾಗ ಮತ್ತು ಆಗ್ನೇಯ ಏಷ್ಯಾ ಎದ್ದುಕಾಣುವಷ್ಟು ಭಾರವಾಗಿದ್ದವು. ಪ್ರಬಲ ಲಾ ನೀನಾ ತಂದ ಮಳೆ ಅದು. ಕಾರ್ಮೆನ್ ಬೋನಿಂಗ್ ಮತ್ತು ಸಂಗಡಿಗರು 2012ರಲ್ಲಿ ಇದನ್ನು ವಿವರಿಸಿದರು. ಮರುವರ್ಷ ಜಾನ್ ಫಸುಲೊ ಇನ್ನೊಂದು ಎಳೆ ಸೇರಿಸಿದರು. ಬೇರೆ ಕಡೆ ಬಿದ್ದ ಮಳೆ ಕೆಲವೇ ತಿಂಗಳಲ್ಲಿ ನದಿಗಳ ಮೂಲಕ ಕಡಲಿಗೆ ಮರಳುತ್ತದೆ, ಆದರೆ ಆಸ್ಟ್ರೇಲಿಯಾದ ಒಳನಾಡಿನ ನೀರು ಕಡಲಿಗೆ ಹರಿಯದೆ ಐರ್ ಸರೋವರದ ಕಡೆಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಕಡಲು ಅಷ್ಟು ದಿನ ತಗ್ಗಿನಲ್ಲೇ ಉಳಿದದ್ದಕ್ಕೆ ಇದೇ ಕಾರಣ. ಮೂರು ಸ್ವತಂತ್ರ ಅಳತೆಗಳು ಒಂದೇ ಘಟನೆಯ ಬಗ್ಗೆ ಒಂದೇ ಮಾತು ಹೇಳಿದ್ದು ಈ ಇಡೀ ವಿಧಾನದ ಮೇಲೆ ನಂಬಿಕೆ ಮೂಡಿಸಿತು; ಹೊಂದಾಣಿಕೆಯ ಹತ್ತು ಪ್ರಬಂಧಗಳಿಗಿಂತ ಈ ಒಂದು ಇಳಿತ ಹೆಚ್ಚು ಮನದಟ್ಟು ಮಾಡಿಕೊಟ್ಟಿತೆನ್ನಬಹುದು.

ಕಡಲಿಗೆ ಕೂಡುತ್ತಿರುವ ನೀರು ಎಲ್ಲಿಂದ ಬಂತೆಂದು ಕೇಳಿದರೂ ಉತ್ತರ ಅದೇ ನಕ್ಷೆಗಳಲ್ಲಿದೆ. ಗ್ರೀನ್‌ಲೆಂಡ್ ವರ್ಷಕ್ಕೆ ಸರಾಸರಿ ಸುಮಾರು 270 ಗಿಗಾಟನ್, ಅಂಟಾರ್ಕ್ಟಿಕಾ ಸುಮಾರು 150 ಗಿಗಾಟನ್ ಹಿಮ ಕಳೆದುಕೊಂಡಿವೆ. 2019ರ ಬೇಸಗೆಯ ಎರಡೇ ತಿಂಗಳಲ್ಲಿ ಗ್ರೀನ್‌ಲೆಂಡಿನಿಂದ ಸುಮಾರು 600 ಗಿಗಾಟನ್ ಇಳಿಯಿತು. ಭಾರತದ ಪಾಲೂ ಈ ಲೆಕ್ಕದಲ್ಲಿದೆ. 2009ರಲ್ಲಿ ಮ್ಯಾಟ್ ರೋಡೆಲ್ ಮತ್ತು ಸಂಗಡಿಗರು ರಾಜಸ್ಥಾನ, ಪಂಜಾಬ್ ಮತ್ತು ದೆಹಲಿ ಸೇರಿದ ಹರಿಯಾಣದಲ್ಲಿ 2002ರಿಂದ 2008ರ ನಡುವೆ 109 ಘನ ಕಿಲೋಮೀಟರ್ ಅಂತರ್ಜಲ ಬರಿದಾಗಿದೆ ಎಂದು ಗ್ರೇಸ್‌ನಿಂದ ತೋರಿಸಿದರು. ಅದೇ ವರ್ಷ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿರೇಂದ್ರ ತಿವಾರಿ, ವಾರ್ ಮತ್ತು ಸ್ವೆನ್ಸನ್ ಜೊತೆಗೂಡಿ, ಇನ್ನೂ ವಿಶಾಲವಾದ ಉತ್ತರ ಭಾರತ ಮತ್ತು ನೆರೆಯ ಪ್ರದೇಶಕ್ಕೆ ವರ್ಷಕ್ಕೆ 54 ಘನ ಕಿಲೋಮೀಟರ್ ಎಂಬ ಅಂಕಿ ಕೊಟ್ಟರು. ಗೋಧಿ, ಭತ್ತಕ್ಕೆ ಎತ್ತಿದ ಆ ನೀರು ಆವಿಯಾಗಿ, ಮಳೆಯಾಗಿ, ಹೊಳೆಯಾಗಿ ಬಹುಪಾಲು ಕಡಲನ್ನೇ ಸೇರುತ್ತದೆ. 109 ಘನ ಕಿಲೋಮೀಟರ್ ಪೂರ್ತಿಯಾಗಿ ಕಡಲಿಗೆ ಹೋದರೆ ಜಗತ್ತಿನ ಸಮುದ್ರಮಟ್ಟ 0.3 ಮಿಲಿಮೀಟರ್ ಏರುತ್ತದೆ. ಕಡಲಿಗೆ ಇದು ಅಲ್ಪ, ಆ ಹೊಲಗಳಿಗೆ ಅಲ್ಪವಲ್ಲ. ಇದಕ್ಕೆ ಎದುರಾಗಿ, 2002ರಿಂದ 2014ರ ನಡುವೆ ಹವಾಮಾನದ ಏರುಪೇರಿನಿಂದ ಒಟ್ಟಾರೆ ನೆಲವೇ ಸುಮಾರು 3,200 ಗಿಗಾಟನ್ ಹೆಚ್ಚು ನೀರು ಹಿಡಿದಿಟ್ಟುಕೊಂಡಿತು, ಅದರಿಂದ ಸಮುದ್ರದ ಏರಿಕೆ ವರ್ಷಕ್ಕೆ 0.7 ಮಿಲಿಮೀಟರಿನಷ್ಟು ತಗ್ಗಿತ್ತು ಎಂದು 2016ರಲ್ಲಿ ಜೆ. ಟಿ. ರೀಗರ್ ಮತ್ತಿತರರು ಲೆಕ್ಕ ಹಾಕಿದರು.

ಕೂಡಿದ ನೀರು ಎಲ್ಲ ಕಡೆ ಸಮನಾಗಿ ಏರುವುದಿಲ್ಲ. ದೊಡ್ಡ ಹಿಮರಾಶಿ ಸುತ್ತಲಿನ ಕಡಲನ್ನು ತನ್ನತ್ತ ಸೆಳೆದುಕೊಂಡಿರುತ್ತದೆ. ಅದು ಕರಗಿದಾಗ ಆ ಸೆಳೆತ ಸಡಿಲಿ ಹತ್ತಿರದ ಕಡಲು ಇಳಿಯುತ್ತದೆ, ದೂರದ ಕಡಲು ಸರಾಸರಿಗಿಂತ ಹೆಚ್ಚು ಏರುತ್ತದೆ. ಗ್ರೀನ್‌ಲೆಂಡ್ ಕರಗಿದರೆ ಅದರ ದಡದಲ್ಲಿ ನೀರು ತಗ್ಗಿ, ದೂರದ ಉಷ್ಣವಲಯದ ದಡಗಳಲ್ಲಿ ಹೆಚ್ಚುತ್ತದೆ. ಹತ್ತೊಂಬತ್ತನೆಯ ಶತಮಾನದಿಂದಲೂ ತಿಳಿದಿದ್ದ ಈ ತತ್ವವನ್ನು ಗ್ರೇಸ್ ಅಳತೆಗಳ ಆಧಾರದಲ್ಲಿ ನಕ್ಷೆಯಾಗಿ ಬಿಡಿಸಲು ಸಾಧ್ಯವಾಯಿತು.

ಕಡಲಿನ ಒಟ್ಟು ತೂಕದ ಜೊತೆಗೆ ಅದರೊಳಗಿನ ಹಂಚಿಕೆಯೂ ಅಳತೆಗೆ ಸಿಗುತ್ತದೆ. ಒಂದು ಜಾಗದ ಮೇಲೆ ನೀರು ಹೆಚ್ಚಾದರೆ ತಳದ ಒತ್ತಡ ಹೆಚ್ಚುತ್ತದೆ. ಒತ್ತಡದ ಏರುಪೇರಿನಿಂದ ಆಳದ ಪ್ರವಾಹಗಳನ್ನು ಊಹಿಸಬಹುದು. 2009–10ರ ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕ್‌ನ ಉತ್ತರಾಭಿಮುಖ ಪ್ರವಾಹ ಥಟ್ಟನೆ ದುರ್ಬಲವಾದದ್ದನ್ನು 26.5 ಡಿಗ್ರಿ ಅಕ್ಷಾಂಶದಲ್ಲಿ ಇಳಿಬಿಟ್ಟ ಉಪಕರಣಗಳು ದಾಖಲಿಸಿದ್ದವು. 3,000ದಿಂದ 5,000 ಮೀಟರ್ ಆಳದ ತಳದ ಒತ್ತಡದಲ್ಲಿ ಅದೇ ಘಟನೆಯನ್ನು ಗ್ರೇಸ್‌ನಿಂದ ಗುರುತಿಸಬಹುದೆಂದು 2015ರಲ್ಲಿ ಫೆಲಿಕ್ಸ್ ಲಾಂಡರರ್ ಮತ್ತು ಸಂಗಡಿಗರು ತೋರಿಸಿದರು. ನೆಲ ಅಲುಗಿದರೂ ಕಡಲಿನ ಲೆಕ್ಕ ಅಲುಗುತ್ತದೆ. 2004ರ ಡಿಸೆಂಬರ್ 26ರ ಸುಮಾತ್ರಾ–ಅಂಡಮಾನ್ ಭೂಕಂಪ ಸಮುದ್ರತಳವನ್ನೇ ಎತ್ತಿ ಇಳಿಸಿ ಆ ಪ್ರದೇಶದ ಗುರುತ್ವವನ್ನು ಬದಲಿಸಿತ್ತು, ಅದು ಗ್ರೇಸ್‌ನಲ್ಲಿ ಸ್ಪಷ್ಟವಾಗಿ ಮೂಡಿತು. ಪೂರ್ವ ಹಿಂದೂ ಮಹಾಸಾಗರದ ನೀರನ್ನು ಲೆಕ್ಕ ಹಾಕುವವರು ಅದನ್ನೂ ಕಳೆಯಬೇಕು.

ಐದು ವರ್ಷಕ್ಕೆಂದು ಕಟ್ಟಿದ ಗ್ರೇಸ್ ಹದಿನೈದು ವರ್ಷ ಬಾಳಿತು. 2011ರಿಂದ ಬ್ಯಾಟರಿಗಳು ಸೋಲತೊಡಗಿದವು. ಬಿಸಿಲು ಕಡಿಮೆ ಬೀಳುವ ಅವಧಿಗಳಲ್ಲಿ ಉಪಕರಣಗಳನ್ನು ಆರಿಸಬೇಕಾಗಿ ಬಂದು ತಿಂಗಳುಗಳ ದಾಖಲೆ ನಡುನಡುವೆ ತಪ್ಪಿತು. ಕೊನೆಯ ತಿಂಗಳುಗಳಲ್ಲಿ ವಿದ್ಯುತ್ ಉಳಿಸಲು ಒಂದು ಉಪಗ್ರಹದ ವೇಗೋತ್ಕರ್ಷಮಾಪಕವನ್ನು ನಿಲ್ಲಿಸಿ, ಇನ್ನೊಂದರ ಅಳತೆಯನ್ನೇ ಎರಡಕ್ಕೂ ಬಳಸಿದರು. 2017ರ ಅಕ್ಟೋಬರ್‌ನಲ್ಲಿ ಯೋಜನೆ ಮುಗಿಯಿತು. ಒಂದು ಉಪಗ್ರಹ ಅದೇ ಡಿಸೆಂಬರ್‌ನಲ್ಲಿ, ಇನ್ನೊಂದು 2018ರ ಮಾರ್ಚ್‌ನಲ್ಲಿ ವಾಯುಮಂಡಲಕ್ಕೆ ಬಿದ್ದು ಉರಿದುಹೋದವು. ಜಾನ್ ವಾರ್ 2015ರಲ್ಲೇ ತೀರಿಕೊಂಡಿದ್ದರು.

ಉತ್ತರಾಧಿಕಾರಿ ಗ್ರೇಸ್–ಫಾಲೋ ಆನ್ 2018ರ ಮೇ 22ರಂದು ಕ್ಯಾಲಿಫೋರ್ನಿಯಾದ ವ್ಯಾಂಡೆನ್‌ಬರ್ಗ್‌ನಿಂದ ಫಾಲ್ಕನ್–9 ರಾಕೆಟಿನಲ್ಲಿ ಹಾರಿತು. ಎರಡರ ನಡುವೆ ಸುಮಾರು ಹನ್ನೊಂದು ತಿಂಗಳ ಖಾಲಿ ಉಳಿಯಿತು. ಒಂದು ಸರಣಿಯನ್ನು ಇನ್ನೊಂದಕ್ಕೆ ಜೋಡಿಸುವವರನ್ನು ಈ ಖಾಲಿ ಇಂದಿಗೂ ಕಾಡುತ್ತದೆ. ಹೊಸ ಜೋಡಿ ಮೈಕ್ರೋವೇವ್ ಜೊತೆಗೆ ಪ್ರಾಯೋಗಿಕವಾಗಿ ಲೇಸರ್ ಅಳತೆಯನ್ನೂ ಹೊತ್ತೊಯ್ದಿತು, ಲೇಸರ್ ಮೈಕ್ರೋವೇವ್‌ಗಿಂತ ಎಷ್ಟೋ ಪಾಲು ನಿಖರವೆಂದು ಸಾಬೀತಾಯಿತು. ಆದರೆ ಒಂದು ಉಪಗ್ರಹದ ವೇಗೋತ್ಕರ್ಷಮಾಪಕ ಮೊದಲ ತಿಂಗಳುಗಳಲ್ಲೇ ಗದ್ದಲದ ಸಂಕೇತ ಕೊಡತೊಡಗಿ, ಹಳೆಯ ಜೋಡಿಯ ಕೊನೆಗಾಲಕ್ಕೆ ಕಂಡುಕೊಂಡಿದ್ದ ಎರವಲಿನ ಉಪಾಯವೇ ಇಲ್ಲೂ ನೆರವಾಯಿತು.

2016ರ ನಂತರದ ಅಂಕಿಗಳನ್ನು ಜೋಡಿಸಿದಾಗ ಲೆಕ್ಕ ಮತ್ತೊಮ್ಮೆ ಹೊಂದಲಿಲ್ಲ. 2020ರಲ್ಲಿ ಚೆನ್ ಜಿಯಾನ್ಲಿ, ಟ್ಯಾಪ್ಲಿ, ಕಾಜೆನಾವ್ ಮತ್ತಿತರರು ಈ ಬಿರುಕನ್ನು ತೋರಿಸಿದಾಗ ಮೊದಲ ಅನುಮಾನ ಹೊಸ ಗುರುತ್ವ ಉಪಗ್ರಹಗಳ ಮೇಲೆಯೇ ಬಿತ್ತು. ತನಿಖೆ ಬೇರೆ ಕಡೆಗೆ ತಿರುಗಿತು. ಆರ್ಗೋದ ಕೆಲವು ಲವಣಾಂಶ ಸಂವೇದಕಗಳು ನಿಧಾನವಾಗಿ ದಾರಿ ತಪ್ಪಿ, ಕಡಲು ಇರುವುದಕ್ಕಿಂತ ಹೆಚ್ಚು ಉಪ್ಪಾಗಿದೆ ಎಂದು ತೋರಿಸುತ್ತಿದ್ದವು. ಜೇಸನ್–3 ರೇಡಾರ್ ಉಪಗ್ರಹದಲ್ಲಿ ಗಾಳಿಯ ತೇವಾಂಶ ಅಳೆಯುವ ಉಪಕರಣವೂ ಸ್ವಲ್ಪ ಜಾರಿತ್ತು. ಅನ್ನೆ ಬರ್ನೂ ಮತ್ತು ಸಂಗಡಿಗರು 2021ರಿಂದ ಈ ದೋಷಗಳನ್ನು ಒಂದೊಂದಾಗಿ ತೆಗೆದಂತೆ ಬಿರುಕು ಬಹುಮಟ್ಟಿಗೆ ಮುಚ್ಚಿತು. ಒಂದು ಕಾಲಕ್ಕೆ ಮೂರರಲ್ಲಿ ಅತ್ಯಂತ ದುರ್ಬಲವೆನಿಸಿದ್ದ ಗುರುತ್ವದ ಅಳತೆ ಈ ಸಲ ಉಳಿದೆರಡನ್ನು ತಿದ್ದಲು ನೆರವಾಯಿತು.

ಈಗ ಸಾಮಾನ್ಯವಾಗಿ ಒಪ್ಪಿತವಾದ ಲೆಕ್ಕದಲ್ಲಿ, 2005ರಿಂದೀಚೆಗೆ ಕಡಲಿಗೆ ಕೂಡಿದ ನೀರಿನಿಂದಲೇ ಮಟ್ಟ ವರ್ಷಕ್ಕೆ ಸುಮಾರು 2 ಮಿಲಿಮೀಟರ್ ಏರುತ್ತಿದೆ. ಒಟ್ಟು ಏರಿಕೆಯಲ್ಲಿ ಇದು ಅರ್ಧಕ್ಕಿಂತ ಹೆಚ್ಚು. ಹಿಗ್ಗುವಿಕೆಯ ಪಾಲು ಅದಕ್ಕಿಂತ ಕಡಿಮೆ. ಲೇಸರ್ ಅಳತೆಯನ್ನೇ ಮುಖ್ಯವಾಗಿ ನೆಚ್ಚಿದ ಮೂರನೆಯ ಜೋಡಿ, ಗ್ರೇಸ್–ಸಿ, ನಾಸಾ ಮತ್ತು ಜರ್ಮನಿಯ ಸಹಯೋಗದಲ್ಲಿ ಸಿದ್ಧವಾಗುತ್ತಿದೆ; ಉಡಾವಣೆ 2028ಕ್ಕೆ ಗೊತ್ತಾಗಿದೆ. ಈಗಿನ ಜೋಡಿ ಅಲ್ಲಿಯವರೆಗೆ ಕೆಲಸ ಮಾಡಿದರೆ ದಾಖಲೆಯಲ್ಲಿ ಎರಡನೆಯ ಖಾಲಿ ಬೀಳುವುದಿಲ್ಲ.